ಟವೆಲ್ಲಿನ ಕೆಳಗೆ ಹೇಳಿದ ನಿಜ

ತಳಕಲ್
12 ಆಗಸ್ಟ್ 2025

ಪ್ರೀತಿಯ ಲಲಿತವ್ವಾ,

ನಿನ್ನ ಅಪ್ಪನ ಆಶೀರ್ವಾದ. ಹೇಗಿದ್ದೀ? ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಡ್ಯೂಟಿ ಮುಗಿಸಿ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು. ಅಳಿಯಂದಿರು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಮುದುಕ ಫೋನ್ ಬಿಟ್ಟು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ದವಡೆಯ ಗಡ್ಡೆಯಿಂದ ನನ್ನ ಮಾತು ತೊದಲುತ್ತದೆ. ಫೋನಿನಲ್ಲಿ ನಾನು ಹೇಳಿದ್ದನ್ನು ನಿಮ್ಮವ್ವ ನಿನಗೆ ಬಿಡಿಸಿ ಹೇಳುತ್ತಾಳಲ್ಲ, ನನ್ನ ನಾಲ್ಕು ಮಾತಿನಲ್ಲಿ ಎರಡನ್ನು ನುಂಗಿ ತನ್ನವು ಆರು ಸೇರಿಸುತ್ತಾಳೆ. ಈ ಸಲ ನನ್ನ ಮಾತು ನಿನಗೆ ಪೂರ್ತಿ ತಲುಪಬೇಕು, ಅದಕ್ಕೇ ಪೆನ್ನು ಹಿಡಿದೆ.

ಇಪ್ಪತ್ತೆಂಟಕ್ಕೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ಆಪರೇಷನ್ನಿಗೆ ನನ್ನ ಹೆಸರು ಬರೆಸಿದ್ದೀ. ನಾನು ಬರುವುದಿಲ್ಲ. ಸಿಟ್ಟಾಗಬೇಡ, ಕಾಗದ ಪೂರ್ತಿ ಓದು. "ಮನ್ಯಾಗ ಬಿದ್ಕೊಂಡು ಸಾಯ್ತಿಯೇನಪಾ?" ಎಂದು ನೀನು ಫೋನಿನಲ್ಲಿ ಕೂಗಿದ್ದು ನನಗೂ ಕೇಳಿಸಿತು. ನಿಮ್ಮವ್ವ ಸ್ಪೀಕರ್ ಹಾಕಿದ್ದಳು. ಒಂದು ಸಲ ದವಡೆ ಕೊಯ್ಸಿಕೊಂಡೆ, ಗಡ್ಡೆ ಸುಡಲು ಕರೆಂಟ್ ಕೊಡಿಸಿಕೊಂಡೆ, ಬಾಟಲಿ ಏರಿಸಿಕೊಂಡೆ. ನಿನ್ನ ಹಟದಿಂದಲೇ ಎರಡು ವರ್ಷ ಬದುಕಿದ್ದೇನೆ, ಅದನ್ನು ಮರೆಯುವವನಲ್ಲ. ಆದರೆ ಈಗ ಗಡ್ಡೆ ಕುತ್ತಿಗೆಗೆ ಇಳಿದಿದೆ, ಇನ್ನು ಕೊಯ್ದರೆ ಉಪಯೋಗ ಕಡಿಮೆ ಎಂದು ಆಸ್ಪತ್ರೆಯವರೇ ಹೇಳಿದಾಗ ನೀನೂ ನನ್ನ ಪಕ್ಕದಲ್ಲೇ ಇದ್ದೆ. ಕೇಳಿಯೂ ಕೇಳದವಳ ಹಾಗೆ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ನೀನು ಮೇ ತಿಂಗಳಲ್ಲಿ ಬಂದಾಗ ನೋಡಿದ ಅಪ್ಪನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ, ಊಟ ಬೇಡ ಎನ್ನುತ್ತಿದ್ದ. ನಿಜ ಹೇಳುತ್ತೇನೆ, ನೋವಿಗಿಂತ ನನ್ನನ್ನು ಕೊಂದದ್ದು ಗಡ್ಡೆ ಒಡೆದು ಆದ ಹುಣ್ಣಿನ ವಾಸನೆ. ಗೆಳೆಯ ಮಾರೆಪ್ಪ ಮಾತಾಡಿಸಲು ಬಂದು ಗೊತ್ತಾಗದ ಹಾಗೆ ಮೂಗಿಗೆ ಪಂಚೆಯ ಚುಂಗು ಹಿಡಿದ. ಅವತ್ತಿನಿಂದ ಯಾರನ್ನೂ ಒಳಗೆ ಬಿಡಬೇಡ ಎಂದು ನಿಮ್ಮವ್ವನಿಗೆ ಹೇಳಿಬಿಟ್ಟೆ. ಬೆಳಗಾದರೆ ಯಾಕಾದರೂ ಬೆಳಗಾಯಿತೋ ಎನಿಸುತ್ತಿತ್ತು.

ಜೂನಿನಿಂದ ಕೊಪ್ಪಳದ ಕಡೆಯಿಂದ ಪ್ರತಿ ಗುರುವಾರ ಒಂದು ಜೀಪು ನಮ್ಮ ಮನೆಗೆ ಬರುತ್ತಿದೆ. ಡಾಕ್ಟರ್ ಪಂಪಾಪತಿ, ಜೊತೆಗೆ ನರ್ಸ್ ಬಾಷಾಬಿ. ರೋಗ ವಾಸಿ ಮಾಡುತ್ತೇವೆಂದು ಅವರು ಒಂದು ದಿನವೂ ಹೇಳಲಿಲ್ಲ. ನೋವು ಇಳಿಸುತ್ತೇವೆ ಎಂದರು. ಮೊದಲ ದಿನ ಬಾಷಾಬಿ ಮಂಚದ ಮೇಲೇ ಕೂತು ಕೇಳಿದಳು, "ನೋವು ಇಲ್ಲಂದ್ರ ಸೊನ್ನಿ, ತಡಕೊಳ್ಳಾಕ ಆಗಂಗಿಲ್ಲ ಅಂದ್ರ ಹತ್ತು. ನಿಮಗ ಎಷ್ಟು ಐತಿ ಹೇಳ್ರಿ ಕಾಕಾ." ಕುಷ್ಟಗಿ ದನದ ಸಂತೆಯಲ್ಲಿ ಮೂವತ್ತು ವರ್ಷ ದಲ್ಲಾಳಿ ಕೆಲಸ ಮಾಡಿದ ನಾಲಿಗೆ ನನ್ನದು. ಮೊದಲ ಮಾತಿಗೇ ನಿಜವಾದ ಅಂಕಿ ಹೇಳಿ ಅದಕ್ಕೆ ರೂಢಿಯಿಲ್ಲ. ಮೂರು ಎಂದೆ. ಅವಳು ಆರು ಎನ್ನುತ್ತಾಳೆ, ನಾನು ನಾಲ್ಕು ಎನ್ನುತ್ತೇನೆ, ಹಗ್ಗಜಗ್ಗಾಡಿ ಒಂದು ಕಡೆ ನಿಲ್ಲುತ್ತೇವೆ ಎಂದುಕೊಂಡಿದ್ದೆ. ಆ ಪುಣ್ಯಾತ್ಗಿತ್ತಿ ಚೌಕಾಸಿಯನ್ನೇ ಮಾಡಲಿಲ್ಲ! ಮೂರು ಎಂದು ಬರೆದುಕೊಂಡು, ಮೂರಕ್ಕೆ ತಕ್ಕ ಗುಳಿಗೆ ಕೊಟ್ಟು ಜೀಪು ಹತ್ತಿದಳು. ಮುಂದಿನ ವಾರವೂ ಕೇಳಿದಳು. ನಿಮ್ಮವ್ವ ಎದುರಿಗೇ ನಿಂತಿದ್ದಳು, ಅವಳ ಮುಖ ನೋಡಿ ಮತ್ತೆ ಮೂರು ಎಂದೆ. ಹದಿನಾಲ್ಕು ದಿನ ನನ್ನ ಬಾಯಿಯ ಸುಳ್ಳಿನಿಂದಲೇ ನಾನು ನರಳಿದೆ.

ಮೂರನೆಯ ಗುರುವಾರ ಬಾಷಾಬಿ ನನ್ನ ಮುಖ ನೋಡಲಿಲ್ಲ, ಮಂಚದ ನವಾರು ಹಿಡಿದಿದ್ದ ನನ್ನ ಕೈ ನೋಡಿದಳು. ಏನು ಕೆಲಸ ಮಾಡುತ್ತಿದ್ದರು ಎಂದು ನಿಮ್ಮವ್ವನನ್ನು ಕೇಳಿದಳು. ನಿಮ್ಮವ್ವ ಬಿಟ್ಟಾಳೆಯೇ, "ದಲ್ಲಾಳಿ ಇದ್ರವ್ವಾ. ಟವೆಲ್ ಮುಚ್ಚಿ ಬೆರಳು ಹಿಡದು ರೇಟು ಹೇಳ್ತಿದ್ರು. ಬಾಯಿಲೆ ಮಾತ್ರ ಖರೇ ಅನ್ನೋದು ಎಂದೂ ಬಂದಿಲ್ಲ" ಎಂದಳು. ಬಾಷಾಬಿ ನಕ್ಕು, ನನ್ನ ಹೆಗಲ ಮೇಲಿನ ಟವೆಲ್ ಎಳೆದು ತನ್ನ ಕೈಗೂ ನನ್ನ ಕೈಗೂ ಸೇರಿಸಿ ಮುಚ್ಚಿದಳು. "ಈಗ ಹೇಳ್ರಿ ಕಾಕಾ. ಕಾಕಿಗೆ ಕಾಣಂಗಿಲ್ಲ, ನಾ ಚೌಕಾಸಿ ಮಾಡಂಗಿಲ್ಲ." ಮೊದಲು ಅವಳ ಐದೂ ಬೆರಳು ಹಿಡಿದೆ. ಬಿಟ್ಟೆ. ಆಮೇಲೆ ಮೂರು ಹಿಡಿದೆ. ಕೂಡಿಸಿದರೆ ಎಂಟು. ಅವಳ ನಗು ನಿಂತಿತು. ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು.

ಮಾರ್ಫಿನ್ ಗುಳಿಗೆ ಶುರುವಾದದ್ದು ಅವತ್ತೇ. ನಿಮ್ಮವ್ವ ಹೆದರಿದಳು, "ನಶಾ ಹತ್ತತೈತಿ ಅಂತಾರಲ್ರಿ?" ಎಂದಳು. "ನೋವಿಗೆ ತಕ್ಕಂಗ ಕೊಟ್ರ ಹತ್ತಂಗಿಲ್ಲ ಬಿಡ್ರಿ. ನೋವು ಬರಲಿ ಅಂತ ಕಾಯಬ್ಯಾಡ್ರಿ, ಗಡಿಯಾರ ನೋಡಿ ಕೊಡ್ರಿ" ಎಂದರು ಡಾಕ್ಟರ್. ಈಗ ನಾಲ್ಕು ತಾಸಿಗೊಮ್ಮೆ ಮೊಬೈಲ್ ಕೂಗುತ್ತದೆ, ನಿಮ್ಮವ್ವ ಗುಳಿಗೆ ಹಿಡಿದು ಪೊಲೀಸಪ್ಪನ ಹಾಗೆ ನಿಲ್ಲುತ್ತಾಳೆ. ಹೊಟ್ಟೆ ಕಟ್ಟದಂತೆ ಬೇರೆ ಔಷಧ ಕೊಟ್ಟಿದ್ದಾರೆ. ಹುಣ್ಣಿಗೆ ದಿನಾ ಗುಳಿಗೆಯ ಪುಡಿ ಉದುರಿಸಿ ಪಟ್ಟಿ ಕಟ್ಟುವುದನ್ನು ನಿಮ್ಮವ್ವ ಕಲಿತಿದ್ದಾಳೆ. ವಾಸನೆ ಹೋಯಿತು ಲಲಿತಾ! ಮನಸ್ಸಿಗೂ ಒಂದು ಗುಳಿಗೆ ಇದೆ. ಅದಕ್ಕಿಂತ ಹೆಚ್ಚಾಗಿ, ಡಾಕ್ಟರ್ ಅರ್ಧ ತಾಸು ಕೂತು ನನ್ನ ತೊದಲು ಮಾತನ್ನು ಅವಸರವಿಲ್ಲದೆ ಕೇಳುತ್ತಾರೆ. ಟವೆಲ್ಲಿನ ಕೆಳಗೆ ಈಗ ಎರಡೇ ಬೆರಳು. ಅದು ಖರೇ ಎರಡು.

ಮಾರೆಪ್ಪ ಈಗ ದಿನಾ ಬರುತ್ತಾನೆ. ಹೋದ ವಾರ ತಾನು ಕೊಳ್ಳಬೇಕೆಂದಿದ್ದ ಹೋರಿಯನ್ನು ನಮ್ಮ ಬಾಗಿಲಿಗೇ ಹೊಡೆದುಕೊಂಡು ಬಂದ. ಕಟ್ಟೆಯ ಮೇಲೆ ಕೂತು ಅದರ ಹಲ್ಲು ನೋಡಿದೆ, ಸುಳಿ ನೋಡಿದೆ, ಬೇಡ ಎಂದು ಕೈ ಅಲ್ಲಾಡಿಸಿದೆ. ಮಾರಲು ಬಂದವನು ನನ್ನನ್ನು ಬೈದುಕೊಂಡು ಹೋದ. ಎಷ್ಟು ತಿಂಗಳ ಮೇಲೆ ಬೈಸಿಕೊಂಡೆ ಗೊತ್ತೇ, ಭಾಳ ಸಂತೋಷವಾಯಿತು. ರವೆ ಗಂಜಿ ಒಂದು ಬಟ್ಟಲು ಪೂರ್ತಿ ಕುಡಿದೆ. ಇದನ್ನೆಲ್ಲ ಬಿಟ್ಟು ಹುಬ್ಬಳ್ಳಿಯ ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗು ಎನ್ನಬೇಡ. ಆಸ್ಪತ್ರೆಗೆ ನೀನೇ ಫೋನ್ ಮಾಡಿ ನನ್ನ ಹೆಸರು ತೆಗೆಸು. ನೀನು ನನ್ನನ್ನು ಕೈಬಿಟ್ಟೆ ಎಂದು ಯಾರಾದರೂ ಅಂದರೆ ಈ ಕಾಗದ ತೋರಿಸು.

ಮೈ ಕಡೆ ನಿಗಾ ಇರಲಿ. ಚಿಲ್ಲರೆಗೆ ಜಗಳವಾಡುವವರ ಜೊತೆ ಗಂಟಲು ಹರಿದುಕೊಳ್ಳಬೇಡ. ನೀನು ನೂರು ವರ್ಷ ಬಾಳು ತಾಯಿ.

ನಿನ್ನ ಅಪ್ಪ
ಈಶಪ್ಪ

ತಾ.ಕ.: ನಿಮ್ಮವ್ವ ನೀರಿಗೆ ಹೋಗಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ಗುರುವಾರ ಇನ್ನು ಎಷ್ಟು ದಿನ ಎಂದು ಡಾಕ್ಟರನ್ನು ನಾನೇ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ಖಚಿತ ಯಾರಿಗೂ ಹೇಳಾಕ ಬರಂಗಿಲ್ರಿ ಯಜಮಾನ್ರ, ದೀಪಾವಳಿ ಕಷ್ಟ" ಎಂದರು. ನನಗೆ ಹೆದರಿಕೆಯಾಗಲಿಲ್ಲ, ಕೇಳಿದ್ದೇ ಛಲೋ ಆಯಿತು ಅನಿಸಿತು. ಆದರೆ ನಿಮ್ಮವ್ವನಿಗೆ ಇದು ಗೊತ್ತಿಲ್ಲ. ನೋವು ಇಳಿದದ್ದನ್ನು ನೋಡಿ ರೋಗವೇ ಇಳಿಯಿತು ಎಂದುಕೊಂಡಿದ್ದಾಳೆ, ಬರುವ ಯುಗಾದಿಗೆ ನನ್ನನ್ನು ಇಟಗಿಯ ಮಹಾದೇವನ ಗುಡಿಗೆ ನಡೆಸಿಕೊಂಡು ಹೋಗುತ್ತಾಳಂತೆ. ಮೂರು ದಿನದಿಂದ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಅವಳು ನೀರು ಬೇಕೇನ್ರಿ ಎಂದು ಲೋಟ ಹಿಡಿಯುತ್ತಾಳೆ, ನಾನು ಕುಡಿದುಬಿಡುತ್ತೇನೆ. ರಜೆ ಕೊಡದಿದ್ದರೂ ಬಾ ಲಲಿತಾ. ಹೇಳುವವನು ನಾನೇ, ನೀನು ಅವಳ ಪಕ್ಕದಲ್ಲಿ ಕೂತಿರು.