ತುತ್ತೂರಿಯೊಳಗಿನ ಕಾಲುಚೀಲ

ಕಣಿವೆ ಪ್ರೌಢಶಾಲಾ ಫುಟ್ಬಾಲ್ ಲೀಗಿನ ಸಮಾರಂಭ ನಿರ್ದೇಶಕರಾದ ಮಾನ್ಯರೇ,

ನನ್ನ ತಂಗಿ ಕೊರೀನ್ ರಾಷ್ಟ್ರಗೀತೆಯನ್ನು ನುಡಿಸಿದ್ದಕ್ಕಾಗಿ, ರಾಷ್ಟ್ರಗೀತೆಗೆ ಅಗೌರವ ತೋರಿದಳೆಂದು ನೀವು ಅವಳನ್ನು ಬ್ಯಾಂಡಿನಿಂದ ಹೊರಗೆ ಹಾಕಿದ್ದೀರಿ. ಈ ವಾಕ್ಯವನ್ನು ತಿರುಗಿಸಿ ಮುರುಗಿಸಿ ಬರೆದು ನೋಡಿದೆ. ಹೇಗೆ ಬರೆದರೂ ಹುಚ್ಚರ ಮಾತಿನಂತೆಯೇ ಕೇಳಿಸುತ್ತದೆ. ತಪ್ಪು ನನ್ನ ಬರವಣಿಗೆಯದಲ್ಲ, ನಿಮ್ಮ ಆಜ್ಞೆಯದು.

ಹೊರಗೆ ಹಾಕಿದ್ದು ಬರೀ ಫುಟ್ಬಾಲ್ ಮೈದಾನದಿಂದಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಬ್ರಿಗ್ಸ್ ಫೆರಿ ಊರಿನ ಶಾಲಾ ಬ್ಯಾಂಡು ಎಲ್ಲಿ ನುಡಿಸಬೇಕೆಂದರೂ ನಿಮ್ಮ ಕಚೇರಿಯ ಒಪ್ಪಿಗೆ ಬೇಕು. ಹಾಗಾಗಿ ಬರುವ ಮೇ ತಿಂಗಳಲ್ಲಿ, ಮಡಿದ ಯೋಧರನ್ನು ನೆನೆಯುವ ದಿನ, ನದಿಯ ದಂಡೆಯ ಮೇಲಿನ ಸ್ಮಶಾನದಲ್ಲಿ ವಿದಾಯದ ರಾಗವನ್ನು ಊದುವ ಹಕ್ಕನ್ನೂ ನೀವು ಅವಳಿಂದ ಕಿತ್ತುಕೊಂಡಿದ್ದೀರಿ. ಕಳೆದ ಎರಡು ವರ್ಷ ಅದನ್ನು ಊದಿದ್ದು ಅವಳೇ. ಅಲ್ಲಿ ನಮ್ಮ ಅಜ್ಜ ಎಮಿಲ್ ಹ್ರಿವ್ನಾಕ್ ಮಲಗಿದ್ದಾರೆ. ಕೊರೀನ್ ತುತ್ತೂರಿ ಕಲಿತದ್ದೇ ಆ ಒಂದು ರಾಗಕ್ಕಾಗಿ. ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಜಾತ್ರೆಯ ವಿಷಯ.

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಟೈರ್ ಅಂಗಡಿಯಲ್ಲಿ ಕೆಲಸ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಯಂತ್ರ ತಿರುಗುವಷ್ಟು ಹೊತ್ತು, ಅಲ್ಲಿನ ಕಪಾಟಿನಲ್ಲಿ ಯಾರೋ ತುಂಬಿಟ್ಟು ಹೋಗುವ ಕರಪತ್ರಗಳನ್ನು ಓದುತ್ತೇನೆ. ಅವುಗಳಲ್ಲೊಂದು ನಕ್ಷತ್ರ-ಪಟ್ಟೆಗಳ ನಮ್ಮ ರಾಷ್ಟ್ರಧ್ವಜದ ನಿಯಮಗಳ ಪತ್ರಿಕೆ. ಧ್ವಜವನ್ನು ಚಪ್ಪಟೆಯಾಗಿ ಹಾಸಿ ಹೊರಬಾರದು, ಜಾಹೀರಾತಿಗೆ ಬಳಸಬಾರದು, ಬಟ್ಟೆಯಾಗಿ ಹೊಲಿಸಿ ತೊಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಚಾಂಪಿಯನ್‌ಶಿಪ್ ದಿನ ನೀವು ಮಾಡಿಸಿದ್ದೇನು? ಮೈದಾನದಷ್ಟೇ ಅಗಲದ ಧ್ವಜವನ್ನು ಚಾಪೆಯಂತೆ ಚಪ್ಪಟೆಯಾಗಿ ಹಾಸಿ ಹೊರಿಸಿದಿರಿ. ಹೊತ್ತವರ ಅಂಗಿಯ ಮೇಲೆ ಹಾಸಿಗೆ ಮಾರುವ ಅಂಗಡಿಯ ಹೆಸರು. ನನ್ನ ಪಕ್ಕದಲ್ಲಿ ನಿಂತಿದ್ದ ರಸ್ ಟಾಲ್ಬಟ್, ನಮ್ಮ ಬೀದಿಯವನೇ, ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಲಾರಿಯ ಚಾಲಕ, ಅದೇ ಧ್ವಜವನ್ನು ಚಡ್ಡಿಯಾಗಿ ಹಾಕಿಕೊಂಡು ಬಂದಿದ್ದ. ಕುಳಿತಾಗ ಎಷ್ಟು ನಕ್ಷತ್ರಗಳ ಮೇಲೆ ಕುಳಿತನೋ ಅವನೇ ಬಲ್ಲ. ಅವನಿಗೆ ನೀವು ನೋಟಿಸು ಕಳಿಸಿದ್ದೀರಾ? ಇಲ್ಲ. ದೊಡ್ಡ ಪರದೆಯ ಮೇಲೆ ಅವನ ಮುಖ ತೋರಿಸಿದಿರಿ.

ಅಂದು ಮೋಡ ತಗ್ಗಿ ಬಂದಿತ್ತು. ಪಂದ್ಯಕ್ಕೆ ಮುಂಚೆ ಮೈದಾನದ ಮೇಲೆ ಹಾದುಹೋಗುತ್ತವೆಂದು ನೀವು ಪ್ರಚಾರ ಮಾಡಿದ್ದ ಯುದ್ಧವಿಮಾನಗಳು ಹಾರುವಂತಿರಲಿಲ್ಲ. ಆದರೆ ಜನ ಕೊಂಡ ಟಿಕೆಟಿನಲ್ಲಿ ವಿಮಾನ ಸೇರಿತ್ತಲ್ಲ, ಅದಕ್ಕೆ ನೀವು ಧ್ವನಿವರ್ಧಕದಲ್ಲಿ ವಿಮಾನದ ಸದ್ದು ಹಾಕಿಸಿದಿರಿ. ಇಡೀ ಸ್ಟೇಡಿಯಂ ಎದೆಯ ಮೇಲೆ ಕೈ ಇಟ್ಟು, ಕತ್ತು ಎತ್ತಿ, ಬೂದು ಮೋಡವನ್ನು ನೋಡಿತು. ಏನೂ ಇಲ್ಲ. ಒಂದು ಕಾಗೆಯೂ ಇಲ್ಲ.

"ನೋಡಿದ್ಯಾ?" ಅಂದ ರಸ್, ಕಣ್ಣು ಒರೆಸಿಕೊಳ್ಳುತ್ತ. "ನಾಲ್ಕು ಹೋದ್ವು."

"ಎಲ್ಲಿ ಹೋದ್ವು ಮಾರಾಯಾ? ಸ್ಪೀಕರ್ ಆ ಕಡೆ ಇದೆ."

"ಮೋಡದ ಮೇಲೆ ಹೋದ್ವು ಕಣೋ. ನಿಂಗೆ ಕಾಣಲ್ಲ. ನಿಂಗೆ ದೇಶದ ಮೇಲೆ ಪ್ರೀತಿ ಇಲ್ಲ, ಹಂಗಾಗಿ ಕಾಣಲ್ಲ."

"ನಾಲ್ಕೇ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಯಾವಾಗ್ಲೂ ನಾಲ್ಕೇ ಇರೋದು," ಅಂದು ಅವನು ಚೀಸ್ ಸುರಿದ ಚಿಪ್ಸಿನ ತಟ್ಟೆಗೆ ಮರಳಿದ.

ಮಾನ್ಯರೇ, ನಾನು ರಸ್ಸನನ್ನು ದೂರುವುದಿಲ್ಲ. ಹಿಂದೊಮ್ಮೆ ನಮ್ಮ ಕಾರು ಹೊಳೆಗೆ ಜಾರಿದಾಗ ಹಬ್ಬದೂಟ ಬಿಟ್ಟು ಬಂದು ಎಳೆದುಕೊಟ್ಟವನು ಅವನೇ. ದೂರು ಇರುವುದು ಅವನಿಗೆ ಖಾಲಿ ಆಕಾಶಕ್ಕೆ ನಮಸ್ಕಾರ ಹಾಕುವುದನ್ನು ಕಲಿಸಿದವರ ಮೇಲೆ.

ಈಗ ಬ್ಯಾಂಡಿನ ವಿಷಯ. ಡಿಸೆಂಬರ್ ಚಳಿಯಲ್ಲಿ ವಾದ್ಯಗಳ ಶ್ರುತಿ ಇಳಿಯುತ್ತದೆ, ಕೀಲಿಗಳು ಹೆಪ್ಪುಗಟ್ಟುತ್ತವೆ, ದೂರದರ್ಶನದಲ್ಲಿ ಕೇಳಲು ಚೆನ್ನಾಗಿರುವುದಿಲ್ಲ ಎಂದು ನೀವು ಅಕ್ಟೋಬರ್ ತಿಂಗಳಲ್ಲೇ ಮಕ್ಕಳನ್ನು ಶಾಲೆಯ ವ್ಯಾಯಾಮಶಾಲೆಗೆ ಕರೆಸಿ ರಾಷ್ಟ್ರಗೀತೆಯನ್ನು ಧ್ವನಿಮುದ್ರಿಸಿಕೊಂಡಿರಿ. ಪಂದ್ಯದ ದಿನ ಅವರ ಕೆಲಸ ತುಟಿಗೆ ವಾದ್ಯ ಹಿಡಿದು ಕೆನ್ನೆ ಉಬ್ಬಿಸುವುದು. ಅಪ್ಪಿತಪ್ಪಿ ಒಂದು ಸ್ವರವೂ ಹೊರಬರಬಾರದೆಂದು ಪ್ರತಿಯೊಂದು ತುತ್ತೂರಿಯ ಬಾಯಿಗೆ ಕಾಲುಚೀಲ ತುರುಕಬೇಕೆಂಬ ಅಪ್ಪಣೆಯೂ ನಿಮ್ಮದೇ. ಬ್ಯಾಂಡ್ ಮೇಷ್ಟ್ರು ಆಕರ್ಮನ್ ಅದನ್ನು ಮಕ್ಕಳಿಗೆ ಹೇಳುವಾಗ ನೆಲ ನೋಡುತ್ತಿದ್ದರಂತೆ. "ಒಗೆದ ಕಾಲುಚೀಲ ತನ್ರಪ್ಪಾ, ಅಷ್ಟಾದರೂ ಮಾಡಿ" ಅಂದರಂತೆ.

ದೇಶಭಕ್ತಿ ಎಂದರೇನೆಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿದ್ದಾರೆ? ಎದೆ ಮುಂದೆ, ಕೆನ್ನೆ ಉಬ್ಬಿರಲಿ, ಗಂಟಲಲ್ಲಿ ಬಟ್ಟೆ.

ಮುಂದೆ ಆದದ್ದನ್ನು ಇಡೀ ಕಣಿವೆ ನೋಡಿದೆ. ಹಾಡು ಅರ್ಧಕ್ಕೆ ಬಂದಿತ್ತು. ನಮ್ಮ ತಂಡದ ಹೆಸರು ರ‍್ಯಾಮ್ಸ್, ಅಂದರೆ ಟಗರುಗಳು. ಆ ಟಗರಿನ ವೇಷ ಹಾಕಿ ಕುಣಿಯುವವನು ತನ್ನದೇ ಬಾಲ ತುಳಿದು ಮುಗ್ಗರಿಸಿ, ಧ್ವನಿವರ್ಧಕದ ತಂತಿಯನ್ನು ಬುಡಸಮೇತ ಕಿತ್ತ. ಹಾಡು ನಿಂತಿತು. ಬ್ಯಾಂಡು ನಿಲ್ಲಲಿಲ್ಲ. ಮೈದಾನದ ನಡುವೆ ಅಷ್ಟೂ ಮಕ್ಕಳು ಕೆನ್ನೆ ಉಬ್ಬಿಸಿ, ಬೆರಳು ಆಡಿಸಿ, ನಿಶ್ಶಬ್ದವನ್ನು ಬಹಳ ಶ್ರದ್ಧೆಯಿಂದ ನುಡಿಸುತ್ತಿದ್ದರು. ಡೋಲಿನವನು ಡೋಲಿಗೆ ತಾಗದಂತೆ ಕೋಲು ಬೀಸುತ್ತಿದ್ದ. ಧ್ವಜ ಹೊತ್ತವರು ಏನೂ ತಿಳಿಯದೆ ಅದನ್ನು ಇನ್ನೂ ಜೋರಾಗಿ ಅಲುಗಿಸಿದರು. ಜನ ಗೌರವಕ್ಕೆಂದು ತೆಗೆದ ಟೋಪಿ ಕೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ನನ್ನ ತಂಗಿ ತುತ್ತೂರಿಯಿಂದ ಕಾಲುಚೀಲ ಎಳೆದು ಜೇಬಿಗೆ ತುರುಕಿಕೊಂಡು, ಹಾಡು ನಿಂತಲ್ಲಿಂದ ಮುಂದಕ್ಕೆ ನುಡಿಸಿದಳು.

ಒಬ್ಬಳೇ. ಚಳಿಗೆ ಒಂದು ಸ್ವರ ಒಡೆಯಿತು. ಅವಳು ಅದನ್ನು ಬಿಟ್ಟು ಮುಂದಿನದನ್ನು ಹಿಡಿದಳು. ನೀವು ಗಮನಿಸಿದಿರೋ ಇಲ್ಲವೋ, ಅಂದು ಒಂದು ವಿಚಿತ್ರ ನಡೆಯಿತು. ನಮ್ಮ ಊರಲ್ಲಿ ರಾಷ್ಟ್ರಗೀತೆಯ ಕೊನೆಯ ಪದವನ್ನು ಯಾರೂ ಕೇಳಿಯೇ ಇಲ್ಲ. ಅದು ಬರುವ ಹೊತ್ತಿಗೆ ಇಡೀ ಸ್ಟೇಡಿಯಂ ಅದರ ಮೇಲೆ ಬಿದ್ದು "ರ‍್ಯಾಮ್ಸ್" ಎಂದು ಅರಚುತ್ತದೆ. ಅದು ಸಂಪ್ರದಾಯ. ಅದು ಅಗೌರವವಲ್ಲ ಎಂದು ನಿಮ್ಮ ಕಚೇರಿಯೇ ಹಿಂದೊಮ್ಮೆ ಸ್ಪಷ್ಟೀಕರಣ ಕೊಟ್ಟಿದೆ. ಅಂದು ಯಾರೂ ಅರಚಲಿಲ್ಲ. ಆ ಕೊನೆಯ ಸ್ವರ ಬೋಳಾಗಿ, ತೆಳ್ಳಗೆ, ಮೈದಾನ ದಾಟಿ ಪಾರ್ಕಿಂಗ್ ಜಾಗದವರೆಗೆ ಹೋಯಿತು. ನನ್ನ ಪಕ್ಕದ ರಸ್ ಬಾಯಿ ತೆರೆದವನು ಹಾಗೆಯೇ ಮುಚ್ಚಿದ.

ಅಷ್ಟರಲ್ಲಿ ಯಾರೋ ತಂತಿ ಸಿಕ್ಕಿಸಿದರು. ಧ್ವನಿವರ್ಧಕ ಎಚ್ಚೆತ್ತು ಹಾಡನ್ನು ಮೊದಲಿನಿಂದ ಶುರು ಮಾಡಿತು. ಟೋಪಿ ಹಾಕಿಕೊಂಡವರೆಲ್ಲ ಮತ್ತೆ ತೆಗೆದರು. ಕೂತವರೆಲ್ಲ ಮತ್ತೆ ಎದ್ದರು. ಆದರೆ ಜಾಹೀರಾತಿನ ಹೊತ್ತು ಮೀರುತ್ತಿತ್ತಲ್ಲ, ಎರಡನೇ ಸಾಲಿಗೇ ನೀವು ರಾಷ್ಟ್ರಗೀತೆಯ ಕತ್ತು ಹಿಸುಕಿ ಪಂದ್ಯ ಶುರು ಮಾಡಿಸಿದಿರಿ. ಆಗ ಬಂತು ಗೇಲಿಯ ಕೂಗು, ನಿಮಗಲ್ಲ, ಕೊರೀನ್‌ಗೆ. ಪಂದ್ಯ ತಡವಾಯಿತಂತೆ.

ನಾವು ಸೋತೆವು. ಕೊನೆಯ ಒದೆತ ಕಂಬಕ್ಕೆ ಬಡಿದು ಹೊರಗೆ ಬಿತ್ತು. ಚೆಂಡನ್ನು ಒದ್ದವನು ನನ್ನ ತಂಗಿಯಲ್ಲ. ಆದರೂ ಆ ಸಂಜೆ ಮಾಂಸ ಸುಡುವ ಒಲೆಯ ಮುಂದೆ ರಸ್ಸನ ತೀರ್ಪು ಬಂತು.

"ಕೂಗು ಬಿಟ್ಟೋಗಿದ್ದೇ ತಪ್ಪಾಗಿದ್ದು. ಹಾಡಿನ ಕೊನೇಲಿ ರ‍್ಯಾಮ್ಸ್ ಅನ್ದೆ ಇದ್ರೆ ಗೆದ್ದಿದ್ದುಂಟಾ ಯಾವತ್ತಾದ್ರೂ?"

"ಹೋದ ವರ್ಷ ಕೂಗಿದ್ವಿ. ಹೋದ ವರ್ಷಾನೂ ಸೋತ್ವಿ."

"ಹೋದ ವರ್ಷ ರೆಫ್ರಿ ಸರಿ ಇರ್ಲಿಲ್ಲ," ಅಂದ. "ಈ ವರ್ಷ ನಿನ್ ತಂಗಿ."

ಮರುದಿನ ನಮ್ಮ ಅಂಚೆಪೆಟ್ಟಿಗೆಗೆ ಯಾರೋ ಒಂದು ಕೊಳಕು ಕಾಲುಚೀಲ ತೊಡಿಸಿ ಹೋಗಿದ್ದರು. ಅದರ ಮರುದಿನ ಇನ್ನೊಂದು. "ಜೋಡಿ ಅಲ್ಲ ಇವು" ಅಂದರು ನಮ್ಮ ಅಜ್ಜಿ ಇರ್ಮಾ. "ಬೈಯೋಕೆ ಬಂದೋರು ಒಂದು ಜೊತೆನಾದ್ರೂ ತರಬೇಕಿತ್ತು."

ಆಮೇಲೆ ನಿಮ್ಮ ನೋಟಿಸು ಬಂತು, "ಅನಧಿಕೃತ ಧ್ವನಿ" ಎಂಬ ಆರೋಪ ಹೊತ್ತು. ನಿಮ್ಮ ಕಚೇರಿಗೆ ಅಜ್ಜಿ, ಕೊರೀನ್ ಮತ್ತು ನಾನು ಬಂದೆವು. ನೆನಪಿದೆಯೇ? ನೀವು ಕೇಳಿದಿರಿ:

"ಯಾಕಮ್ಮಾ ನುಡಿಸಿದೆ?"

"ನಿಂತುಹೋಗಿತ್ತು, ಸರ್."

"ನಿಂತರೆ ನೋಡ್ಕೊಳ್ಳೋಕೆ ನಮ್ಮವರಿದ್ದಾರೆ. ನಿನಗೆ ಯಾರು ಹೇಳಿದ್ದು?"

"ಎಲ್ರೂ ಟೋಪಿ ತೆಗೆದು ನಿಂತಿದ್ರು, ಸರ್. ಚಳಿ ಇತ್ತು. ಬೇಗ ಮುಗಿಸಿಕೊಡೋಣ ಅಂತ."

ಇದಕ್ಕಿಂತ ಸಭ್ಯವಾದ ಉತ್ತರವನ್ನು ನಿಮ್ಮ ಮೇಜು ಕೇಳಿರಲಿಕ್ಕಿಲ್ಲ. ನೀವು ಅದಕ್ಕೆ, "ಭಾವನೆ ಅರ್ಥವಾಗುತ್ತೆ, ಆದರೆ ಎಲ್ಲರೂ ಹೀಗೆ ನಿಜವಾಗಿ ನುಡಿಸೋಕೆ ಹೊರಟರೆ ಕಾರ್ಯಕ್ರಮದ ಗತಿ ಏನು?" ಎಂದಿರಿ. ಮಾನ್ಯರೇ, ಆ ವಾಕ್ಯವನ್ನು ಚೌಕಟ್ಟು ಹಾಕಿಸಿ ನಿಮ್ಮ ಗೋಡೆಗೆ ತೂಗುಹಾಕಿ. ನಿಮ್ಮ ಇಡೀ ಸಿದ್ಧಾಂತ ಅದರಲ್ಲಿದೆ. ಮೇ ತಿಂಗಳ ಬಗ್ಗೆ ಅಜ್ಜಿ ಕೇಳಿದಾಗ ನೀವು ಉದಾರವಾಗಿ ನುಡಿದಿರಿ: "ಚಿಂತೆ ಬೇಡಮ್ಮಾ. ಆ ದಿನಕ್ಕೆ ಬ್ಯಾಟರಿ ತುತ್ತೂರಿ ಕಳಿಸ್ತೀವಿ."

ಆ ಬ್ಯಾಟರಿ ತುತ್ತೂರಿಯನ್ನು ನಾವು ಬಲ್ಲೆವು. ಊದಬಲ್ಲ ಸೈನಿಕರು ಸಾಕಷ್ಟು ಇಲ್ಲದ ಕಾರಣ, ತುತ್ತೂರಿಯ ಬಾಯೊಳಗೆ ಒಂದು ಯಂತ್ರ ಕೂರಿಸಿರುತ್ತಾರೆ. ಗುಂಡಿ ಒತ್ತಿ ತುಟಿಗೆ ಹಿಡಿದರೆ ಸಾಕು, ರಾಗ ತಾನೇ ಬರುತ್ತದೆ. ನಾಲ್ಕು ವರ್ಷದ ಹಿಂದೆ ನಮ್ಮ ಅಜ್ಜನ ಮಣ್ಣಿಗೆ ಬಂದದ್ದು ಅದೇ. ಅಜ್ಜ ವಿಯೆಟ್ನಾಂ ಯುದ್ಧದಲ್ಲಿ ಫಿರಂಗಿದಳಕ್ಕೆ ಅಡುಗೆ ಮಾಡಿದವರು. ಫಿರಂಗಿಯ ಪಕ್ಕ ಸಾರು ಕುದಿಸಿ ಕುದಿಸಿ ಎರಡೂ ಕಿವಿ ಮಂದ ಮಾಡಿಕೊಂಡು ಬಂದವರು. ಮನೆಯಲ್ಲಿ ಅವರಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಿತ್ತು.

ಆ ದಿನ ಬಂದಿದ್ದ ಸೈನಿಕ ನನ್ನ ವಯಸ್ಸಿನವನು. ಗುಂಡಿ ಒತ್ತಿದ, ನೆಟ್ಟಗೆ ನಿಂತ, ರಾಗ ಮುಗಿಯಿತು. ನಾವು ಅಳುತ್ತಿದ್ದೆವು, ನಮಗೇನೂ ತಿಳಿಯಲಿಲ್ಲ. ಆಮೇಲೆ ತುತ್ತೂರಿಯನ್ನು ಕಂಕುಳಲ್ಲಿ ಇರುಕಿಕೊಂಡು, ಶವಪೆಟ್ಟಿಗೆಯ ಮೇಲಿಂದ ತೆಗೆದು ಮಡಿಚಿದ ಧ್ವಜವನ್ನು ಅಜ್ಜಿಯ ಮಡಿಲಿಗೆ ಇಡಲು ಬಗ್ಗಿದ. ಗುಂಡಿ ಒತ್ತಿಕೊಂಡಿತು. ಅವನ ಕಂಕುಳೊಳಗಿಂದ ರಾಗ ಮತ್ತೆ ಮೊದಲಿನಿಂದ ಹೊರಟಿತು. ಅವನ ಕಿವಿಗಳು ಕೆಂಪಾದವು. ಧ್ವಜ ಬಿಡುವಂತಿಲ್ಲ, ತುತ್ತೂರಿ ಹಿಡಿಯುವಂತಿಲ್ಲ. ಆಗ ಅಜ್ಜಿ ಅವನ ಕೈ ಹಿಡಿದು ಹೇಳಿದರು: "ಇರ್ಲಿ ಬಿಡು ಮಗಾ. ಅವ್ರಿಗೆ ಕಿವಿ ಕೇಳಿಸ್ತಿರ್ಲಿಲ್ಲ. ಎರಡು ಸಲ ಹೇಳಲೇಬೇಕಿತ್ತು."

ಜನ ನಕ್ಕರು. ಆ ಹುಡುಗನೂ ನಕ್ಕ. ಹನ್ನೆರಡು ವರ್ಷದ ಕೊರೀನ್ ಮಾತ್ರ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಿಂದ, "ಯಾರೂ ಊದ್ಲೇ ಇಲ್ವಾ?" ಎಂದು ಕೇಳಿದಳು. ಮುಂದಿನ ವಾರ ಶಾಲೆಯಲ್ಲಿ ತುತ್ತೂರಿ ತೆಗೆದುಕೊಂಡಳು. ಅವಳು ಕಲಿಯುವಾಗ ನಮ್ಮ ಬೀದಿಯ ನಾಯಿಗಳು ಊರು ಬಿಟ್ಟವು. ರಸ್ ಬಂದು ಬಾಗಿಲು ತಟ್ಟಿ, "ಯಾರಾದ್ರೂ ಹಂಸವನ್ನ ಕೊಲ್ತಿದ್ದೀರಾ?" ಎಂದು ಕೇಳಿದ. ಅವಳು ಬಿಡಲಿಲ್ಲ.

ಆ ಹುಡುಗಿಯ ತುತ್ತೂರಿಗೆ ನೀವು ಕಾಲುಚೀಲ ತುರುಕಿಸಿದಿರಿ. ಈಗ ಅವಳ ಅಜ್ಜನ ಸಮಾಧಿಗೆ ಮತ್ತೆ ಅದೇ ಗುಂಡಿಯ ತುತ್ತೂರಿಯನ್ನು ಕಳಿಸುತ್ತೀರಿ. ಇದು ಶಿಕ್ಷೆ ಎಂದಾದರೂ ಒಪ್ಪಿಕೊಳ್ಳಿ, ಸೌಜನ್ಯ ಎನ್ನಬೇಡಿ. ಹಾಸಿಗೆ ಅಂಗಡಿಯ ಅಂಗಿ ಗೌರವ, ಧ್ವಜದ ಚಡ್ಡಿ ಗೌರವ, ಇಲ್ಲದ ವಿಮಾನ ಗೌರವ, ಕೊನೆಯ ಪದವನ್ನು ನುಂಗುವ ಅರಚಾಟ ಗೌರವ. ಹದಿನಾರರ ಹುಡುಗಿಯ ಉಸಿರು ಮಾತ್ರ ಅಗೌರವವೇ? ನಿಮಗೆ ದೇಶ ಬೇಕೋ, ದೇಶದ ಧ್ವನಿಮುದ್ರಿಕೆ ಬೇಕೋ, ಒಂದನ್ನು ಹೇಳಿಬಿಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಚಾಂಪಿಯನ್‌ಶಿಪ್ ನೀವೇ ಇಟ್ಟುಕೊಳ್ಳಿ. ಮುಂದಿನ ವರ್ಷ ಧ್ವನಿವರ್ಧಕದಲ್ಲಿ ಗೆಲುವನ್ನೂ ಹಾಕಿಸಿ, ರಸ್ ನೋಡಿದೆ ಎನ್ನುತ್ತಾನೆ. ಕೊರೀನ್‌ಗೆ ಅವಳ ಬ್ಯಾಂಡಿನ ಕೋಟು ಹಿಂದಿರುಗಿಸಿ, ಮೇ ತಿಂಗಳಲ್ಲಿ ಆ ಸಮಾಧಿಗಳ ನಡುವೆ ನಿಂತು ಊದಲು ಬಿಡಿ.

ಬಿಡುವುದಿಲ್ಲವೆಂದರೆ, ಅದಕ್ಕೂ ಅವಳು ತಯಾರಾಗಿದ್ದಾಳೆ. ಸ್ಮಶಾನದ ಬೇಲಿಯ ಆಚೆ ಸಾರ್ವಜನಿಕ ರಸ್ತೆ ಇದೆ. ಅಲ್ಲಿ ಊದಲು ನಿಮ್ಮ ಒಪ್ಪಿಗೆ ಬೇಕಿಲ್ಲ, ಕೋಟೂ ಬೇಕಿಲ್ಲ. ರಸ್ಸನನ್ನು ಕೇಳಿದೆ, ಆ ತಿರುವಿನಲ್ಲಿ ವಾಹನಗಳು ಜೋರಾಗಿ ಬರುತ್ತವೆ, ನಿನ್ನ ಲಾರಿಯನ್ನು ದೀಪ ಹಚ್ಚಿ ಅಡ್ಡ ನಿಲ್ಲಿಸುತ್ತೀಯಾ ಎಂದು. ಬಹಳ ಹೊತ್ತು ಗಲ್ಲ ಕೆರೆದುಕೊಂಡು, "ಕೊನೇಲಿ ರ‍್ಯಾಮ್ಸ್ ಅನ್ಬಹುದಾ?" ಎಂದ. ಬೇಡ ಎಂದೆ. "ಸರಿ ಬಿಡು, ಬರ್ತೀನಿ" ಎಂದ.

ನಿಮ್ಮವರು ಬೇಲಿಯ ಒಳಗೆ ಗುಂಡಿ ಒತ್ತಲಿ. ಅದು ಮುಗಿಯುವವರೆಗೆ ಅವಳು ಕಾಯುತ್ತಾಳೆ. ಆಮೇಲೆ ಅವಳು ಊದುತ್ತಾಳೆ. ನಮ್ಮ ಅಜ್ಜನಿಗೆ ಹೇಗೂ ಎರಡು ಸಲ ಹೇಳಬೇಕು.

ಇಂತಿ,
ನಿಮ್ಮ ಒಂದೇ ರಾಷ್ಟ್ರಗೀತೆಗೆ ಎರಡು ಸಲ ಟೋಪಿ ತೆಗೆದು ನೆಗಡಿ ಹಿಡಿಸಿಕೊಂಡ,
ವೆಂಡೆಲ್ ಹ್ರಿವ್ನಾಕ್
ಟೈರ್ ಅಂಗಡಿ, ಬ್ರಿಗ್ಸ್ ಫೆರಿ