ಕೋಟಿನ ಮೇಲೆ ಹಾಕಿದ ತಪ್ಪು

ಅಕ್ಟೋಬರ್ ೯, ಶುಕ್ರವಾರ ರಾತ್ರಿ. ಕುಹ್ಮೊ.

ಬೆಳಗಾದರೆ ಮೂಸ್ ಅನ್ನೋ ದೊಡ್ಡ ಕಾಡುಜಿಂಕೆಯ ಬೇಟೆ ಶುರು, ನನಗೆ ನಿದ್ದೆಯೇ ಹತ್ತುತ್ತಿಲ್ಲ. ಇವತ್ತು ಗುರಿ ಅಭ್ಯಾಸದಲ್ಲಿ ರೈಫಲ್ ಎತ್ತಿದಾಗಲೆಲ್ಲ ಭುಜಕ್ಕೆ ಆನಿಸುವ, ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಬಟ್ಟು ಕಂಕುಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸೊಸೆ ಹಿಲ್ಲೆವಿ ಬೇಟೆ ತಂಡದವರೆಲ್ಲರೆದುರೇ ಅಂದಳು: "ಮಾವ, ಬಟ್ಟು ನಿಮಗೆ ಉದ್ದ ಆಯ್ತು. ಸ್ವಲ್ಪ ಒಳಗೆ ತಳ್ಳಿ."

"ತಂದಾಗಿಂದ ಇದೇ ಉದ್ದ ಕಣೇ. ನನ್ನ ಕೈಯೇನು ತೊಳೆದ ಉಣ್ಣೆ ಥರ ಕುಗ್ಗಿತಾ?" ಅಂತ ರೇಗಿದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹತ್ತಿರ ಬಂದು, "ಕೈಯಲ್ಲ ಮಾವ, ನಿಮ್ಮ ಕೋಟು ದಪ್ಪ" ಅಂದಳು.

ಹೌದು, ಕೋಟೇ ದಪ್ಪ. ಬಟ್ಟನ್ನು ಅದರ ಮೇಲಿನ ಅಳತೆಯ ಎರಡು ಗೀಟಿನಷ್ಟು ಒಳಗೆ ತಳ್ಳಿದೆ. ಆಮೇಲೆ ಹೊಡೆದದ್ದೆಲ್ಲ ನಟ್ಟನಡುವೆ ಬಿತ್ತು.

ಸೌನಾದಲ್ಲಿ ಬೆವರು ಹರಿಸಿ ಬಂದವನು ಸುಮ್ಮನೆ ಮಲಗಬಾರದಿತ್ತಾ? ಬರೀ ಬನಿಯನ್ನಿನಲ್ಲೇ ರೈಫಲ್ ಎತ್ತಿ ನೋಡಿದೆ. ಕೋಟಿಲ್ಲ, ಈಗ ಬಟ್ಟು ಗಿಡ್ಡ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಳತೆ ತೆಗೆದು ಮಾಡಿಸಿದ ಹಾಗೆ ಭುಜಕ್ಕೆ ಕೂತಿತು.

ಹಳೇ ಉದ್ದಕ್ಕೇ ಎಳೆದುಬಿಡಲಾ ಅಂತ ಮತ್ತೆ ಮತ್ತೆ ಏಳುತ್ತಿದ್ದೇನೆ. ಬೇಡ. ಬೆಳಿಗ್ಗೆ ಯಾರಾದರೂ ಕೇಳಿದರೆ ಕೋಟು ದಪ್ಪ ಅಂತಲೇ ಹೇಳುವುದು.

ಹೋದ ವರ್ಷವೂ ಇದೇ ಕೋಟು ಹಾಕಿದ್ದೆ. ತಂದುಕೊಟ್ಟವಳು ಹಿಲ್ಲೆವಿಯೇ.