ನಿಮ್ಮ ಮನೆಯ ನಪುಂಸಕಲಿಂಗ

ತಿಕೋಂಡಿ
೧೯ ನವೆಂಬರ್ ೨೦೨೫

ಇಂಗ್ಲಿಷ್ ಪಂಡಿತರಾದ ಪತಿರಾಯರಿಗೆ, 'ಅದು' ಮಾಡುವ ನಮಸ್ಕಾರ.

ಜತ್ತದ ಸಭೆಯಲ್ಲಿ ನೀವು ಮಾಡಿದ ಭಾಷಣದ ವಿಡಿಯೋ ನನ್ನ ತವರಿನವರೆಗೂ ಬಂತು. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ 'ವೈಫ್' ಎಂಬ ಪದ ನಪುಂಸಕಲಿಂಗವಾಗಿತ್ತು, ಮುಂದೆ ಕಾಯದೆ ಬರೆದವರು ಗಂಡಸಿನ 'ಹಿ' ಒಳಗೇ ಹೆಂಗಸನ್ನೂ ತುರುಕಿದರು ಎಂದು ಮೇಜು ಗುದ್ದಿ ಹೇಳಿದಿರಿ. ಜನ ಚಪ್ಪಾಳೆ ತಟ್ಟಿದರು. ಅದೇ ಸಂಜೆ ಅಪ್ಪನಿಗೆ ಫೋನ್ ಮಾಡಿ ನೀವು ಕೇಳಿದ್ದೇನು? 'ಅದರ ಸಿಟ್ಟು ಇಳೀತೇನ್ರಿ ಮಾವಾರ? ಲಗೂನ ಬಸ್ ಹತ್ತಸ್ರಿ.' ಅಪ್ಪನಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ. ಬಸ್ಸಿಗೆ ಹತ್ತಿಸಲು ನಾನೇನು ಜೋಳದ ಚೀಲವೇ? ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ನಾನು ಮನೆ ಬಿಟ್ಟದ್ದೂ ಇದೇ 'ಅದು' ಎಂಬ ಪದಕ್ಕೆ. ನಿಮ್ಮ ಕಾಲೇಜಿನ ಶಿವಶರಣ ಸರ್ ಊಟಕ್ಕೆ ಬಂದಾಗ, ಒಬ್ಬರನ್ನೇ ಬಹುವಚನದ 'ದೇ' ಅನ್ನುವುದು ಇಂಗ್ಲಿಷಿನಲ್ಲಿ ಆರುನೂರು ವರ್ಷದ ರೂಢಿ ಎಂದು ದೊಡ್ಡದಾಗಿ ವಿವರಿಸುತ್ತಿದ್ದಿರಿ. ನಮ್ಮವ್ವ ಗುರವ್ವ ಮದುವೆಯಾದಾಗಿನಿಂದ ಅಪ್ಪ ಒಬ್ಬರೇ ಇದ್ದರೂ 'ಅವರು' ಅನ್ನುತ್ತಾಳಲ್ಲ, ಇದೂ ಹಾಗೆಯೇ ಏನು ಎಂದು ನಾನು ಕೇಳಿದೆ. ಸರ್ ಉತ್ತರಿಸಲು ಬಾಯಿ ತೆರೆದಿದ್ದರು. ನೀವು ಅಡ್ಡ ಬಂದು, 'ಅದಕ್ಕೇನ್ ತಿಳೀತೈತ್ರಿ, ಚಾ ತರ್ಲಿ' ಅಂದಿರಿ. ಚಹಾ ತಂದಿಟ್ಟೆ. ಮರುದಿನ ಇಲ್ಲಿಗೆ ಬಂದೆ.

ನಮ್ಮ ಕಡೆ ಗಂಡಸರೆಲ್ಲ ಹಾಗೇ ಅನ್ನುತ್ತಾರೆ ಎಂದು ಅವ್ವ ನಿಮ್ಮ ಪರ ವಹಿಸುತ್ತಾಳೆ. ಅನ್ನಲಿ. ಎಮ್ಮೆಗೂ ಹೆಂಡತಿಗೂ ಒಂದೇ ಪದ ಇಟ್ಟುಕೊಂಡ ಆ ಗಂಡಸರು ನಿಮ್ಮಂತೆ ಅದರ ಮೇಲೆ ಭಾಷಣ ಮಾಡಿ ಹಾರ ಹಾಕಿಸಿಕೊಳ್ಳುವುದಿಲ್ಲ. ಇಂಗ್ಲಿಷರ ಸತ್ತ ಹೆಂಡಂದಿರಿಗಾಗಿ ನೀವು ಮೇಜು ಗುದ್ದಿದ್ದನ್ನು ನೋಡಿದೆ. ಆ ಸಭೆಯಲ್ಲಿ ನೀವು ಹಾರ ಹಾಕಿಸಿಕೊಂಡ ಫೋಟೊ ಕಂಡರೆ ನನಗೆ ಅಸಹ್ಯವಾಗುತ್ತದೆ.

ಭಾನುವಾರ ಕರೆಯಲು ಬರುತ್ತೀರಂತೆ. 'ಅದು' ಬೇಕಾದರೆ ಹಿತ್ತಲಲ್ಲಿ ಆಡು ಕಟ್ಟಿದೆ, ಬಿಚ್ಚಿಕೊಂಡು ಹೋಗಿ. ನಾನು ಬರುವುದಿಲ್ಲ.

ಇಂತಿ,
ವಿಜಯಶ್ರೀ
(ಸ್ತ್ರೀಲಿಂಗ, ಏಕವಚನ)

ತಾ.ಕ.: ಭಾನುವಾರಕ್ಕಿಂತ ಮೊದಲು ಅಪ್ಪನಿಗೆ ಇನ್ನೊಮ್ಮೆ ಫೋನ್ ಮಾಡಿ, 'ಅದು' ಬಿಟ್ಟು 'ಅಕಿ ಹೆಂಗದಾಳ್ರಿ' ಎಂದಷ್ಟೇ ಕೇಳಿ. ನಾನು ಹತ್ತಿರದಲ್ಲೇ ಇರುತ್ತೇನೆ. ನಾನು ಇಲ್ಲಿಗೆ ಬರುವಾಗ ತಂದ ಬಟ್ಟೆಯ ಗಂಟನ್ನು ಇನ್ನೂ ಬಿಚ್ಚಿಲ್ಲ.